ತಕ್ಕಡಿಗೆ ಬಿದ್ದ ಕಪ್ಪೆಗಳು

ತಕ್ಕಡಿಯಲ್ಲಿ ಕಪ್ಪೆ ತೂಗಲಾಗದು ಎನ್ನುವುದು ಕನ್ನಡದ ಹಳೆಯ ಮಾತು. ಒಂದನ್ನು ಹಿಡಿದು ತಟ್ಟೆಗೆ ಹಾಕುವಷ್ಟರಲ್ಲಿ ಇನ್ನೊಂದು ಆಚೆ ನೆಗೆದಿರುತ್ತದೆ. ಒಗ್ಗಟ್ಟಿಲ್ಲದ ಮನೆತನಕ್ಕೂ ಸಮ್ಮಿಶ್ರ ಸರ್ಕಾರಕ್ಕೂ ಈ ಗಾದೆ ಒಂದೇ ಸಮನಾಗಿ ಒದಗಿ ಬರುತ್ತದೆ. ಆದರೆ ಸುಮಾರು ಮೂರು ದಶಕಗಳ ಕಾಲ ಭಾರತದಲ್ಲಿ ಕಪ್ಪೆಗಳನ್ನು ನಿಜವಾಗಿಯೂ ತೂಗಲಾಯಿತು. ಕಿಲೋಗಳಲ್ಲಲ್ಲ, ಸಾವಿರಾರು ಟನ್ನುಗಳಲ್ಲಿ. ಅವು ನೆಗೆಯದಂತೆ ಮಾಡುವ ಉಪಾಯ ಸುಲಭವಾಗಿತ್ತು: ತೂಗುತ್ತಿದ್ದದ್ದು ಕಾಲುಗಳನ್ನು ಮಾತ್ರ.

ಈ ತೂಕ ನಿಂತದ್ದು 1987ರಲ್ಲಿ. ಅದನ್ನು ನಿಲ್ಲಿಸಲು ಪಟ್ಟು ಹಿಡಿದವರಲ್ಲಿ ಮುಖ್ಯರಾದವರು ಮುಂಬೈನ ಒಬ್ಬ ವ್ಯಾಪಾರಿ, ಹವ್ಯಾಸದಿಂದ ಪಕ್ಷಿತಜ್ಞ. ಅವರ ಹೆಸರನ್ನು ಹೊತ್ತ ಪುಟ್ಟ ಕಪ್ಪೆಯೊಂದು ಸಹ್ಯಾದ್ರಿಯ ತೊರೆಗಳ ಪಕ್ಕ ಆಗಲೇ ಇತ್ತು. ಅದು ಹೇಗೆ ಸಂಸಾರ ಮಾಡುತ್ತದೆ ಎಂಬುದು ಜಗತ್ತಿಗೆ ತಿಳಿಯಲು ಇನ್ನೂ 29 ವರ್ಷ ಬೇಕಾಯಿತು. ಕಪ್ಪೆಯ ಕಾಲಿನ ವ್ಯಾಪಾರ, ಕಪ್ಪೆಯ ದಾಂಪತ್ಯ: ಈ ಎರಡು ಕಥೆಗಳನ್ನು ಬೇರೆ ಬೇರೆಯಾಗಿ ಹೇಳುವುದು ರೂಢಿ. ಆದರೆ ಇವೆರಡೂ ಒಂದೇ ರಾತ್ರಿ ನಡೆಯುತ್ತಿದ್ದ ಕಥೆಗಳು.

ಮೊದಲ ಮಳೆಯ ರಾತ್ರಿ

ಜೂನ್ ಎರಡನೆಯ ವಾರದ ಹೊತ್ತಿಗೆ ಮುಂಬೈಗೆ ಮುಂಗಾರು ಬರುತ್ತದೆ. ಲೋಕಲ್ ರೈಲು ತಡವಾಗುವುದು, ಹಳಿಗಳ ಮೇಲೆ ನೀರು ನಿಲ್ಲುವುದು ಸುದ್ದಿಯಾಗುತ್ತವೆ. ಸುದ್ದಿಯಾಗದ ಒಂದು ಸಂಗತಿ ಅದೇ ರಾತ್ರಿ ಗೋರೆಗಾಂವ್‌ನ ಆರೆ ಕಾಲನಿಯ ಹುಲ್ಲುಗಾವಲಿನಲ್ಲಿ, ಬೋರಿವಲಿಯ ಕಾಡಿನ ಅಂಚಿನಲ್ಲಿ, ಥಾಣೆಯಾಚೆಯ ಭತ್ತದ ಗದ್ದೆಗಳಲ್ಲಿ ನಡೆಯುತ್ತದೆ. ಎಂಟು ತಿಂಗಳು ಮಣ್ಣಿನೊಳಗೋ ಬಿಲದೊಳಗೋ ಅಡಗಿದ್ದ ಗೂಳಿಗಪ್ಪೆಗಳು ಮೇಲೆದ್ದು ಬರುತ್ತವೆ.

ಇದು ಭಾರತದ ಅತಿ ದೊಡ್ಡ ಕಪ್ಪೆ. 15 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಈಗಿನ ವೈಜ್ಞಾನಿಕ ಹೆಸರು ಹೋಪ್ಲೊಬ್ಯಾಟ್ರಾಕಸ್ ಟೈಗರಿನಸ್. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಹಿಂದಿನ ತಲೆಮಾರಿಗೆ ಇದು 'ರಾನಾ ಟೈಗ್ರಿನಾ' ಎಂದೇ ಪರಿಚಯ. ಪ್ರಯೋಗಶಾಲೆಯ ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿರುತ್ತಿದ್ದದ್ದು ಇದೇ. ವರ್ಷವೆಲ್ಲ ಹಸಿರು, ಕಂದು ಬಣ್ಣದಲ್ಲಿ ಕಣ್ಣಿಗೆ ಬೀಳದಂತಿರುವ ಗಂಡು, ಮೊದಲ ಜೋರು ಮಳೆಗೆ ನಿಂಬೆಹಣ್ಣಿನಂಥ ಹಳದಿಯಾಗುತ್ತದೆ. ಗಂಟಲಿನ ಎರಡೂ ಬದಿಗೆ ಕಡುನೀಲಿಯ ಚೀಲಗಳು ಉಬ್ಬುತ್ತವೆ. ನಿಂತ ನೀರಿನಲ್ಲಿ ಹತ್ತಾರು ಗಂಡುಗಳು ಸೇರಿ ಕೂಗುತ್ತವೆ, ಒಂದರ ಮೇಲೊಂದು ಬೀಳುತ್ತವೆ, ಕಾದಾಡುತ್ತವೆ. ಹೆಣ್ಣು ಬಂದರೆ ಗಂಡು ಬೆನ್ನೇರಿ ಕಂಕುಳ ಕೆಳಗೆ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹೆಣ್ಣು ನೀರಿಗೆ ಮೊಟ್ಟೆ ಬಿಡುವಾಗ ಗಂಡು ವೀರ್ಯ ಬಿಡುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆಗಳ ಲೆಕ್ಕ ಸಾವಿರಗಳಲ್ಲಿ. ಕೆಲವೇ ದಿನಗಳಲ್ಲಿ ಹಳದಿ ಮಾಸುತ್ತದೆ, ಗದ್ದಲ ಅಡಗುತ್ತದೆ.

ಇಷ್ಟು ಅವಸರ ಏಕೆ? ಮಳೆಗಾಲದ ಹೊಂಡಕ್ಕೆ ಆಯಸ್ಸು ಕಡಿಮೆ. ಅದು ಒಣಗುವ ಮೊದಲು ಮೊಟ್ಟೆಯೊಡೆದು ಗೊದಮೊಟ್ಟೆಯಾಗಬೇಕು, ಗೊದಮೊಟ್ಟೆಗೆ ಕಾಲು ಬರಬೇಕು, ಬಾಲ ಕರಗಬೇಕು. ಹೊಸ ಹೊಂಡದಲ್ಲಿ ಮೀನಿನ ಕಾಟವೂ ಇಲ್ಲ. ತಡವಾಗಿ ಹುಟ್ಟಿದ ಗೊದಮೊಟ್ಟೆ ಮೊದಲೇ ಹುಟ್ಟಿದ್ದರ ಬಾಯಿಗೆ ತುತ್ತು, ಏಕೆಂದರೆ ಗೂಳಿಗಪ್ಪೆಯ ಮರಿಗಳು ಇತರ ಗೊದಮೊಟ್ಟೆಗಳನ್ನೂ ತಿನ್ನುತ್ತವೆ. ಹಾಗಾಗಿ ಊರಿನ ಕಪ್ಪೆಗಳೆಲ್ಲ ಒಂದೇ ರಾತ್ರಿ ಒಂದೇ ಕಡೆ ಸೇರುತ್ತವೆ. ಮಳೆಯೇ ಇದರ ಲಗ್ನಪತ್ರಿಕೆ. ಹೊರದೇಶಗಳಲ್ಲಿ ಕಪ್ಪೆ ಸಾಕುವ ಹವ್ಯಾಸಿಗಳು ಗಾಜಿನ ಪೆಟ್ಟಿಗೆಯೊಳಗೆ ಪಂಪಿನಿಂದ ಕೃತಕ ಮಳೆ ಸುರಿಸುವುದು ಇದೇ ಕಾರಣಕ್ಕೆ. ಅನ್ನ ಆಹಾರ ಎಷ್ಟೇ ಕೊಟ್ಟರೂ, ತಲೆಯ ಮೇಲೆ ಹನಿ ಬೀಳದೆ ಅನೇಕ ಜಾತಿಯ ಕಪ್ಪೆಗಳು ಜೋಡಿಯಾಗುವುದಿಲ್ಲ.

ನಮ್ಮ ಜನಪದ ಇದನ್ನು ಹಿಂದುಮುಂದಾಗಿ ಓದಿಕೊಂಡಿದೆ. ಮಳೆ ಬಂದರೆ ಕಪ್ಪೆಗೆ ಮದುವೆ ಎನ್ನುವ ಬದಲು, ಕಪ್ಪೆಗೆ ಮದುವೆ ಮಾಡಿದರೆ ಮಳೆ ಎಂದಿತು. 2019ರ ಜೂನ್‌ನಲ್ಲಿ ಮಳೆ ಹಿಂದೇಟು ಹಾಕಿದಾಗ ಉಡುಪಿಯಲ್ಲಿ ವರುಣ ಮತ್ತು ವರ್ಷಾ ಎಂಬ ಎರಡು ಕಪ್ಪೆಗಳಿಗೆ ಶಾಸ್ತ್ರೋಕ್ತವಾಗಿ ಧಾರೆ ಎರೆಯಲಾಯಿತು. ಅದೇ ವರ್ಷ ಭೋಪಾಲದಲ್ಲಿ ಮದುವೆ ಮಾಡಿಸಿದವರು, ಮಳೆ ವಿಪರೀತವಾದಾಗ ಸೆಪ್ಟೆಂಬರಿನಲ್ಲಿ ದಂಪತಿಗಳಿಗೆ ವಿಚ್ಛೇದನವನ್ನೂ ಕೊಡಿಸಿದರು. ನಗು ತರಿಸುವ ಸುದ್ದಿಯೇ. ಆದರೆ ಮಳೆಗೂ ಕಪ್ಪೆಯ ಕೂಟಕ್ಕೂ ಇರುವ ನಂಟನ್ನು ಈ ಜನ ಸರಿಯಾಗಿಯೇ ಗುರುತಿಸಿದ್ದರು. ಕಾರಣ ಯಾವುದು, ಕಾರ್ಯ ಯಾವುದು ಎಂಬಲ್ಲಿ ಮಾತ್ರ ಅದಲುಬದಲು.

ಪೆಟ್ರೋಮ್ಯಾಕ್ಸ್ ಮತ್ತು ಗೋಣಿಚೀಲ

ಒಂದೇ ರಾತ್ರಿ, ಒಂದೇ ಕಡೆ, ಗಟ್ಟಿಯಾಗಿ ಕೂಗುತ್ತ, ಹಳದಿ ಬಣ್ಣ ತಳೆದು ನಿಂತ ಪ್ರಾಣಿಯನ್ನು ಹುಡುಕುವುದು ಕಷ್ಟವಲ್ಲ. ಹಿಡಿಯುವವರಿಗೆ ಬೇಕಿದ್ದದ್ದು ಪೆಟ್ರೋಮ್ಯಾಕ್ಸ್ ದೀಪ ಮತ್ತು ಗೋಣಿಚೀಲ. ಬೆಳಕು ಮುಖಕ್ಕೆ ಬಿದ್ದರೆ ಕಪ್ಪೆ ಕದಲದೆ ಕೂರುತ್ತದೆ.

ಕಪ್ಪೆಕಾಲಿನ ರಫ್ತು 1950ರ ದಶಕದಲ್ಲಿ ಆರಂಭವಾಯಿತು. ಸೀಗಡಿಯನ್ನು ಶೀತಲೀಕರಿಸಿ ಹೊರದೇಶಕ್ಕೆ ಕಳಿಸುವ ಉದ್ಯಮ ಆಗ ಬೆಳೆಯುತ್ತಿತ್ತು. ಅದೇ ಕಾರ್ಖಾನೆಗಳಿಗೆ, ಅದೇ ಹಡಗುಗಳಿಗೆ ಕಪ್ಪೆಕಾಲು ಇನ್ನೊಂದು ಸರಕಾಯಿತು. ಅಮೆರಿಕ, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಕೊಳ್ಳುವವರು. ಸರ್ಕಾರಿ ಕಡತಗಳಲ್ಲಿ ಇದು ಕಡಲ ಉತ್ಪನ್ನಗಳ ಸಾಲಿನಲ್ಲಿ ಕೂತಿತು. ಜೀವಮಾನದಲ್ಲಿ ಕಡಲನ್ನೇ ಕಾಣದ, ಉಪ್ಪುನೀರಿಗೆ ಬಿದ್ದರೆ ಬದುಕದ ಪ್ರಾಣಿ ಹೀಗೆ ಕಡಲಿನದಾಯಿತು.

1980ರ ದಶಕದ ಆರಂಭದ ಹೊತ್ತಿಗೆ ರಫ್ತು ವರ್ಷಕ್ಕೆ 4,000 ಟನ್ ದಾಟಿತ್ತು. ಒಂದು ಕಪ್ಪೆಯ ಎರಡು ಹಿಂಗಾಲಿನ ತೂಕ 50 ಗ್ರಾಂ ಎಂದು ಹಿಡಿದರೂ ಅಷ್ಟು ತೂಕಕ್ಕೆ 8 ಕೋಟಿ ಕಪ್ಪೆಗಳು ಬೇಕು. ಉಳಿದ ದೇಹಕ್ಕೆ ಬೆಲೆಯಿಲ್ಲ. ಕಾಲು ಕತ್ತರಿಸುವಾಗ ಪ್ರಾಣಿ ಬದುಕಿಯೇ ಇರುತ್ತಿತ್ತು ಎಂದು ಪ್ರಾಣಿದಯಾ ಸಂಘಟನೆಗಳು ದೂರಿದವು, ಚಿತ್ರ ಸಹಿತ ಪ್ರಚಾರ ಮಾಡಿದವು.

ಇಲ್ಲಿ ಕನ್ನಡದ ಒಂದು ಪದದ ಮಾತು ಹೇಳಬೇಕು. ಇಂಗ್ಲಿಷಿನಲ್ಲಿ 'ಫ್ರಾಗ್' ಬೇರೆ, 'ಟೋಡ್' ಬೇರೆ. ಕನ್ನಡ, ತುಳು, ತೆಲುಗುಗಳಲ್ಲಿ ಎರಡಕ್ಕೂ ಮೂಲಪದ ಒಂದೇ, ಕಪ್ಪೆ ಅಥವಾ ಕಪ್ಪ. ಮರಾಠಿಯವರಿಗೂ ಎರಡೂ ಬೇಡೂಕವೇ. ಬೇಕಾದರೆ ಎರಡನೆಯದನ್ನು ನಾವು ನೆಲಗಪ್ಪೆ ಎಂದು ಬಿಡಿಸಿ ಹೇಳುತ್ತೇವೆ. ಮುಂಬೈನ ಚಾಳುಗಳ ಮೋರಿಯ ಪಕ್ಕ, ದೀಪದ ಕಂಬದ ಕೆಳಗೆ ಹುಳ ಹಿಡಿಯುತ್ತ ಕೂರುವ ಒರಟು ಚರ್ಮದ ಕಪ್ಪೆ ಈ ಜಾತಿಯದು. ಭಾಷೆ ಬಿಡಿಸದಿದ್ದರೂ ವ್ಯಾಪಾರಕ್ಕೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ವಿಷಗ್ರಂಥಿಗಳಿವೆ, ಯಾರೂ ಅದನ್ನು ತಿನ್ನುವುದಿಲ್ಲ. ಗೋಣಿಚೀಲದಿಂದ ಅದು ಪಾರಾಯಿತು. ಅದರ ಸಂಸಾರದ ರೀತಿಯೂ ಬೇರೆ: ಮೊಟ್ಟೆಗಳು ಚದುರುವುದಿಲ್ಲ, ಲೋಳೆಯ ಉದ್ದನೆಯ ಎರಡು ಎಳೆಗಳಲ್ಲಿ ಕರಿಮಣಿ ಸರದಂತೆ ಪೋಣಿಸಿಕೊಂಡು ನೀರಿನ ಗಿಡಗಳಿಗೆ ಸುತ್ತಿಕೊಳ್ಳುತ್ತವೆ. ಗಂಡಿನ ಆತುರ ಎಷ್ಟೆಂದರೆ ಎದುರು ಸಿಕ್ಕಿದ್ದನ್ನೆಲ್ಲ ಅಪ್ಪುತ್ತದೆ. ಅಪ್ಪಿಸಿಕೊಂಡದ್ದು ಇನ್ನೊಂದು ಗಂಡಾದರೆ ಅದು 'ಬಿಡು' ಎನ್ನುವಂತೆ ಚುಟುಕಾಗಿ ಕಿರುಗುಟ್ಟುತ್ತದೆ, ಮೇಲಿನದು ಬಿಟ್ಟು ಇಳಿಯುತ್ತದೆ.

ವ್ಯಾಪಾರಿಯ ಲೆಕ್ಕ

ಹುಮಾಯೂನ್ ಅಬ್ದುಲಾಲಿ ಹುಟ್ಟಿದ್ದು 1914ರಲ್ಲಿ, ಜಪಾನಿನ ಕೋಬೆಯಲ್ಲಿ. ಬೆಳೆದದ್ದು, ಬದುಕಿದ್ದು ಮುಂಬೈನಲ್ಲಿ. ಪಕ್ಷಿತಜ್ಞ ಸಲೀಂ ಅಲಿಯವರ ದಾಯಾದಿ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದರು. 1930ರ ದಶಕದ ಕೊನೆಯಲ್ಲಿ ಮುಂಬೈ ಮತ್ತು ಸಾಲ್ಸೆಟ್‌ನ ಹಕ್ಕಿಗಳ ಬಗ್ಗೆ ಇಬ್ಬರೂ ಸೇರಿ ಬರೆದ ಲೇಖನಮಾಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಲ್ಸೆಟ್ ಎಂದರೆ ಇಂದಿನ ಬಾಂದ್ರಾ, ಅಂಧೇರಿ, ಬೋರಿವಲಿ, ಥಾಣೆಗಳನ್ನೊಳಗೊಂಡ ದ್ವೀಪ. ಆಗ ಅಲ್ಲಿ ಗದ್ದೆ, ತಾಳೆಮರ, ಕುರುಚಲು ಕಾಡು.

1883ರಲ್ಲಿ ಎಂಟು ಮಂದಿ ಸೇರಿ ಕಟ್ಟಿದ ಈ ಸೊಸೈಟಿಯಲ್ಲಿ ಕಪ್ಪೆಗಳ ಬಗ್ಗೆ ಆಸಕ್ತಿ ಹಳೆಯದು. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಹುಟ್ಟಿ ಮುಂಬೈನಲ್ಲಿ ಓದಿದ ಚಾರ್ಲ್ಸ್ ಮೆಕ್ಯಾನ್ 1932ರಲ್ಲೇ ಭಾರತದ ಕಪ್ಪೆಗಳ ಮೇಲೆ ಟಿಪ್ಪಣಿಗಳನ್ನು ಅದರ ಪತ್ರಿಕೆಯಲ್ಲಿ ಬರೆದಿದ್ದರು. ಅದೇ ಕಾಲಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣ ರಾವ್ ಮಲೆನಾಡಿನ, ಕೊಡಗಿನ ಕಪ್ಪೆಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದರು. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರ ನೆನಪಿಗೆ 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂಬ ಹೆಸರು ಬಂತು.

ಅಬ್ದುಲಾಲಿ 1949ರಿಂದ 1961ರವರೆಗೆ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದರು. 1951ರ ಬಾಂಬೆ ವನ್ಯಪಕ್ಷಿ ಮತ್ತು ವನ್ಯಪ್ರಾಣಿ ಸಂರಕ್ಷಣಾ ಕಾಯ್ದೆ ರೂಪಿಸುವುದರಲ್ಲಿ, ಬೋರಿವಲಿಯ ರಾಷ್ಟ್ರೀಯ ಉದ್ಯಾನವನ್ನು ಉಳಿಸಿಕೊಳ್ಳುವುದರಲ್ಲಿ ಅವರ ಪಾಲಿತ್ತು. ಅಂಡಮಾನ್ ನಿಕೋಬಾರ್‌ಗಳ ಹಕ್ಕಿಗಳ ಬಗ್ಗೆ ಅವರು ಮಾಡಿದ ಕೆಲಸ ಇಂದಿಗೂ ಆಕರ.

ಅಂಥವರು 1985ರಲ್ಲಿ, 71ನೆಯ ವಯಸ್ಸಿನಲ್ಲಿ, ಸೊಸೈಟಿಯ ಪತ್ರಿಕೆಯಲ್ಲಿ ಭಾರತದಿಂದ ಕಪ್ಪೆಕಾಲಿನ ರಫ್ತು ಎಂಬ ವಿಷಯದ ಮೇಲೆ ದೀರ್ಘ ಲೇಖನ ಬರೆದರು. ಅವರ ವಾದದ ಜೀವಾಳ ಕರುಣೆಯಲ್ಲ, ಜಮಾಖರ್ಚು. ರಫ್ತಿನಿಂದ ಬಂದ ವಿದೇಶಿ ವಿನಿಮಯ ಜಮೆಯ ಕಡೆ ಎಲ್ಲರಿಗೂ ಕಾಣುತ್ತದೆ. ಖರ್ಚಿನ ಕಡೆ ಯಾರೂ ಬರೆಯದ ಒಂದು ಸಾಲು ಇದೆ: ಗದ್ದೆಯಲ್ಲಿದ್ದ ಕಪ್ಪೆ ದಿನವೂ ತಿನ್ನುತ್ತಿದ್ದ ಹುಳ, ಮಿಡತೆ, ಏಡಿ. ಕಪ್ಪೆ ಹೋದರೆ ಆ ಕೆಲಸಕ್ಕೆ ಕೀಟನಾಶಕ ಬೇಕು. ಕೀಟನಾಶಕಕ್ಕೆ ಕೊಡುವುದೂ ವಿದೇಶಿ ವಿನಿಮಯವನ್ನೇ. ವ್ಯಾಪಾರ ಮಾಡಿ ಬಲ್ಲವರು ಹಾಕಿದ ಈ ಲೆಕ್ಕವನ್ನು ವ್ಯಾಪಾರ ಇಲಾಖೆ ಭಾವುಕತೆ ಎಂದು ತಳ್ಳಿಹಾಕುವಂತಿರಲಿಲ್ಲ.

ಧಾರವಾಡದ ಪ್ರಯೋಗಶಾಲೆ

ಲೆಕ್ಕಕ್ಕೆ ಇನ್ನೊಂದು ಬದಿ ಇತ್ತು. ಅದನ್ನು ಅರ್ಥ ಮಾಡಿಕೊಳ್ಳಲು ಮುಂಬೈನಿಂದ ಧಾರವಾಡಕ್ಕೆ ಬರಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಇದೇ ಗೂಳಿಗಪ್ಪೆಯ ಸಂತಾನಚಕ್ರವನ್ನು ತಿಂಗಳು ತಿಂಗಳಿಗೆ ಅಳೆಯುತ್ತಿದ್ದರು. ಅಂಡಾಶಯದ ತೂಕ, ದೇಹದೊಳಗಿನ ಕೊಬ್ಬಿನ ಗಂಟುಗಳು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಜೀವಕೋಶಗಳು ಹೀಗೆ.

ಚಿತ್ರ ಹೀಗಿದೆ. ಹೆಣ್ಣಿನ ಮೊಟ್ಟೆಗಳು ಮಳೆ ಬಿದ್ದ ರಾತ್ರಿ ಹುಟ್ಟುವುದಿಲ್ಲ. ಮಳೆಗೆ ಮುಂಚಿನ ತಿಂಗಳುಗಳಲ್ಲೇ ದೇಹದ ಕೊಬ್ಬು ಕರಗುತ್ತ ಮೊಟ್ಟೆಗೆ ಬಂಡಾರ ತುಂಬುತ್ತ ಬರುತ್ತದೆ. ಜೂನ್ ಹೊತ್ತಿಗೆ ಹೊಟ್ಟೆಯ ತುಂಬ ಮೊಟ್ಟೆ. ಮಳೆ ಬಿದ್ದೊಡನೆ ಹಾರ್ಮೋನುಗಳು ಏರುತ್ತವೆ, ಬಸುರು ಬಿಚ್ಚುತ್ತದೆ. ಅದಾದ ಮೇಲೆ ಅಂಡಾಶಯ ಕುಗ್ಗಿಹೋಗುತ್ತದೆ, ಮುಂದಿನ ಮುಂಗಾರಿನವರೆಗೆ ಮತ್ತೆ ಮೊಟ್ಟೆಯಿಲ್ಲ. ವರ್ಷಕ್ಕೆ ಒಂದೇ ಅವಕಾಶ.

ಅಂದರೆ ಮೊದಲ ಮಳೆಯ ರಾತ್ರಿ ಗೋಣಿಚೀಲಕ್ಕೆ ಬಿದ್ದ ಹೆಣ್ಣುಕಪ್ಪೆ ತನ್ನ ವರ್ಷದ ಗಳಿಕೆಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುತ್ತಿತ್ತು. ಕಾಲು ಕತ್ತರಿಸಿದ ಮೇಲೆ ಎಸೆದ ಭಾಗದಲ್ಲಿ ಸಾವಿರಾರು ಮೊಟ್ಟೆಗಳಿರುತ್ತಿದ್ದವು. 8 ಕೋಟಿ ಎಂಬ ಲೆಕ್ಕ ಅವುಗಳನ್ನು ಎಣಿಸಿಲ್ಲ. ಬೇಸಿಗೆಯಲ್ಲೋ ಚಳಿಗಾಲದಲ್ಲೋ ಕಪ್ಪೆ ಹಿಡಿಯಬಹುದಿತ್ತಲ್ಲ ಎಂದರೆ, ಆಗ ಕಪ್ಪೆ ಸಿಗುವುದಿಲ್ಲ. ಅದು ಕಣ್ಣಿಗೆ ಬೀಳುವುದೇ ಮದುವೆಗೆ ಹೊರಟಾಗ. ಸಂತಾನಕ್ಕೆಂದು ಸೇರುವುದನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಅದು.

ಬಸುರಿ ಕಪ್ಪೆಯ ವಿಷಯ ಬಂದಾಗ ಕನ್ನಡಿಗರಿಗೆ ಶೃಂಗೇರಿ ನೆನಪಾಗದಿರದು. ತುಂಗೆಯ ದಂಡೆಯಲ್ಲಿ ಬಿಸಿಲಿಗೆ ಬೇಯುತ್ತಿದ್ದ, ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿತು, ಅದನ್ನು ಕಂಡ ಶಂಕರರು ಅಲ್ಲೇ ಪೀಠ ಸ್ಥಾಪಿಸಿದರು ಎಂಬುದು ಐತಿಹ್ಯ. ಆ ಜಾಗದ ಶಿಲ್ಪವನ್ನು ಜನ ಕಪ್ಪೆ ಶಂಕರ ಎನ್ನುತ್ತಾರೆ. ಜೀವಶಾಸ್ತ್ರದ ಕಣ್ಣಿಗೆ ಕಪ್ಪೆಗೆ ಹೆರಿಗೆಯಿಲ್ಲ. ಆದರೆ ಬೇಟೆಗಾರನೂ ಕೈ ತಡೆಯಬೇಕಾದ ಗಳಿಗೆ ಒಂದಿದೆ ಎಂಬ ವಿವೇಕ ಆ ಕಥೆಯಲ್ಲಿ ಸ್ಪಷ್ಟವಾಗಿದೆ. ಮೀನುಗಾರರು ಮಳೆಗಾಲದಲ್ಲಿ ದೋಣಿ ದಡಕ್ಕೆಳೆಯುವುದೂ ಇದೇ ವಿವೇಕದಿಂದ.

ಅದೇ ವಿಭಾಗದಲ್ಲಿ ಮುಂದೆ ನೆಲಗಪ್ಪೆಯ ಗೊದಮೊಟ್ಟೆಗಳ ಮೇಲೂ ಕೆಲಸ ನಡೆಯಿತು. ಒಂದೇ ತಾಯಿಯ ಮರಿಗಳನ್ನು ಒಂಟೊಂಟಿಯಾಗಿ ಬೆಳೆಸಿದರೂ, ಆಮೇಲೆ ಆಯ್ಕೆ ಕೊಟ್ಟಾಗ ಅವು ಅಪರಿಚಿತರನ್ನು ಬಿಟ್ಟು ಒಡಹುಟ್ಟುಗಳ ಕಡೆಗೇ ಈಜುತ್ತವೆ ಎಂದು 2000ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೋರಿಯ ಪಕ್ಕದ ಕೊಚ್ಚೆಯಲ್ಲಿ ಕರಿ ಚುಕ್ಕೆಗಳಂತೆ ಗುಂಪಾಗಿ ಸುತ್ತುವ ಆ ಮರಿಗಳಿಗೂ ಮನೆಮಂದಿಯ ಗುರುತಿದೆ.

ನಿಷೇಧ ಮತ್ತು ಅದರಾಚೆ

1985ರಲ್ಲೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ 'ಸೈಟಿಸ್'ನ ಎರಡನೆಯ ಅನುಬಂಧಕ್ಕೆ ಗೂಳಿಗಪ್ಪೆ ಸೇರಿತು. 1987ರಲ್ಲಿ ಭಾರತ ಸರ್ಕಾರ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಅಬ್ದುಲಾಲಿ ಒಬ್ಬರೇ ಗೆದ್ದ ಯುದ್ಧ ಇದಲ್ಲ. ಪ್ರಾಣಿದಯಾ ಸಂಘಗಳು, ಸೊಸೈಟಿಯ ಸದಸ್ಯರು, ಪತ್ರಿಕೆಗಳು ಎಲ್ಲರೂ ಒತ್ತಿದರು. ಆದರೆ ಅಂಕಿಗೆ ಅಂಕಿಯಿಂದ ಉತ್ತರ ಕೊಟ್ಟವರು ಅವರು.

ಗೆಲುವು ಪೂರ್ತಿಯಾಗಿರಲಿಲ್ಲ. ತಿನ್ನುವವರು ತಿನ್ನುವುದನ್ನು ಬಿಡಲಿಲ್ಲ, ಕೊಳ್ಳುವ ಅಂಗಡಿ ಬದಲಾಯಿತು. ಬಾಂಗ್ಲಾದೇಶ ಮತ್ತು ಇಂಡೋನೇಷ್ಯಾದ ಕಪ್ಪೆಗಳ ಸರದಿ ಬಂತು. 1989ರಲ್ಲಿ ಬಾಂಗ್ಲಾದೇಶವೂ ನಿಷೇಧಿಸಿತು, ಇಂಡೋನೇಷ್ಯಾ ಮುಂದುವರಿಯಿತು. ಒಳನಾಡಿನಲ್ಲೂ ಗೋವಾದ ಕಡೆ ಮಳೆಗಾಲದಲ್ಲಿ ಕದ್ದು ಹಿಡಿದ ಕಪ್ಪೆ 'ಜಂಪಿಂಗ್ ಚಿಕನ್' ಎಂಬ ಗುಪ್ತನಾಮದಲ್ಲಿ ತಟ್ಟೆಗೆ ಬರುವುದು ನಿಂತಿಲ್ಲ. ಅರಣ್ಯ ಇಲಾಖೆ ಪ್ರತಿ ಜೂನ್‌ನಲ್ಲಿ ಎಚ್ಚರಿಕೆ ಕೊಡಬೇಕಾಗುತ್ತದೆ.

ಕಪ್ಪೆಯೂ ಯಾವಾಗಲೂ ಪಾಪದ ಪ್ರಾಣಿಯಲ್ಲ. ಅಬ್ದುಲಾಲಿ ಪ್ರೀತಿಸಿದ ಅಂಡಮಾನ್ ದ್ವೀಪಗಳಿಗೆ ಮುಖ್ಯನಾಡಿನಿಂದ ಹೋದ ಇದೇ ಗೂಳಿಗಪ್ಪೆ ಈಗ ಅಲ್ಲಿ ಬೇಗಬೇಗ ಹರಡಿ, ಸ್ಥಳೀಯ ಜೀವಿಗಳನ್ನು ತಿನ್ನುತ್ತಿದೆ. ಒಂದು ರಾತ್ರಿಯಲ್ಲಿ ಸಾವಿರಾರು ಮೊಟ್ಟೆಯಿಡುವ ಶಕ್ತಿ ಎಲ್ಲಿ ಇರಬೇಕೋ ಅಲ್ಲಿ ಇದ್ದರೆ ಹೊಲಕ್ಕೆ ಕಾವಲು, ಇರಬಾರದ ಕಡೆ ಹೋದರೆ ಪಿಡುಗು.

ಹುಮಾಯೂನರ ಕಪ್ಪೆ

ರಫ್ತಿನ ಜಗಳಕ್ಕೆ 30 ವರ್ಷ ಮೊದಲು, 1955ರಲ್ಲಿ, ಭಾದುರಿ ಮತ್ತು ಕೃಪಲಾನಿ ಎಂಬ ಪ್ರಾಣಿಶಾಸ್ತ್ರಜ್ಞರು ಸಹ್ಯಾದ್ರಿಯ ಹೊಸ ಕಪ್ಪೆಯೊಂದನ್ನು ವರ್ಣಿಸಿ ಅದಕ್ಕೆ 'ನಿಕ್ಟಿಬ್ಯಾಟ್ರಾಕಸ್ ಹುಮಾಯುನಿ' ಎಂದು ಅಬ್ದುಲಾಲಿಯವರ ಹೆಸರಿಟ್ಟರು. ನಾಲ್ಕು ಸೆಂಟಿಮೀಟರ್ ಆಸುಪಾಸಿನ, ಸುಕ್ಕು ಚರ್ಮದ ಇರುಳುಗಪ್ಪೆ. ಇಂಗ್ಲಿಷಿನಲ್ಲಿ ಇದನ್ನು 'ಬಾಂಬೆ ನೈಟ್ ಫ್ರಾಗ್' ಎನ್ನುತ್ತಾರೆ. ಈ ಬಾಂಬೆ ನಗರವಲ್ಲ, ಆಗಿನ ಬಾಂಬೆ ರಾಜ್ಯ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಅದೇ ಬಾಂಬೆಯಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದವು, ಕಪ್ಪೆಯ ಹೆಸರಿನಲ್ಲಿ ಹಳೆಯ ನಕ್ಷೆ ಉಳಿಯಿತು.

2010ರಿಂದ 2012ರ ಮಳೆಗಾಲಗಳಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಹುಂಬರ್ಳಿ ಹಳ್ಳಿಯ ಬಳಿ ರಾತ್ರಿಗಳನ್ನು ಕಳೆದು ಈ ಕಪ್ಪೆಯನ್ನು ನೋಡಿದರು. 2016ರ ಜೂನ್‌ನಲ್ಲಿ ಪ್ರಕಟವಾದ ಅವರ ವರದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕಪ್ಪೆಗಳಲ್ಲಿ ಅಪ್ಪುಗೆಯ ಆರು ಬಗೆಗಳು ಗೊತ್ತಿದ್ದವು. ಇದು ಏಳನೆಯದು, ಇದರಲ್ಲಿ ಅಪ್ಪುಗೆಯೇ ಇಲ್ಲ. ಗಂಡು ಹೆಣ್ಣಿನ ಬೆನ್ನ ಮೇಲೆ ಕವುಚಿ ಕೂರುತ್ತದೆ, ಆದರೆ ಕೈಗಳಿಂದ ಹಿಡಿಯುವುದು ಹೆಣ್ಣನ್ನಲ್ಲ, ಕೆಳಗಿನ ಎಲೆಯನ್ನೋ ಕೊಂಬೆಯನ್ನೋ. ವೀರ್ಯವನ್ನು ಅದರ ಬೆನ್ನ ಮೇಲೆ ಬಿಡುತ್ತದೆ. ಹೆಣ್ಣು ಬೆನ್ನು ಬಿಲ್ಲಿನಂತೆ ಬಾಗಿಸಿದಾಗ ಇಳಿದು ದೂರ ಸರಿಯುತ್ತದೆ. ಹೆಣ್ಣು ಮೊಟ್ಟೆಯಿಡುವುದು ಅದಾದ ಮೇಲೆ. ಬೆನ್ನಿನಿಂದ, ಹಿಂಗಾಲುಗಳಿಂದ ಇಳಿದು ಬಂದ ದ್ರವದಿಂದ ಮೊಟ್ಟೆ ಫಲಿತವಾಗುತ್ತದೆ. ಸಾಮಾನ್ಯವಾಗಿ ಗಂಡಿನದೇ ಗಲಾಟೆ ಎನಿಸಿಕೊಂಡ ಕಪ್ಪೆಲೋಕದಲ್ಲಿ ಈ ಜಾತಿಯ ಹೆಣ್ಣೂ ಕೂಗುತ್ತದೆ ಎಂಬುದೂ ಗೊತ್ತಾಯಿತು.

ಇದರ ನೆಂಟ ಉತ್ತರ ಕನ್ನಡದಲ್ಲಿದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವರ್ಣಿಸಿದ ಆ ಕಪ್ಪೆಯ ಗಂಡು, ಮೊಟ್ಟೆಯಿಟ್ಟಾದ ಮೇಲೆ ತೊರೆಯಿಂದ ಕೈತುಂಬ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಣ್ಣು ಮೆತ್ತುವ ಆ ಕೈಗಳನ್ನು ಕಂಡು ಅವರು ಇಟ್ಟ ವೈಜ್ಞಾನಿಕ ಹೆಸರು ಅಚ್ಚ ಕನ್ನಡದ ರೂಪ: 'ನಿಕ್ಟಿಬ್ಯಾಟ್ರಾಕಸ್ ಕುಂಬಾರ'.

ಈ ಪುಟ್ಟ ಕಪ್ಪೆಗಳ ಕಾಲು ಯಾವ ರಫ್ತುದಾರನಿಗೂ ಬೇಕಿಲ್ಲ. ಅವಕ್ಕೆ ಬೇಕಾದದ್ದು ತೊರೆಯ ಮೇಲೆ ಬಾಗಿದ ಎಲೆ, ಕೆಳಗೆ ಹರಿಯುವ ತಣ್ಣನೆಯ ನೀರು, ಕತ್ತಲೆ. ತೊರೆಗೆ ಒಡ್ಡು ಕಟ್ಟಿದರೆ, ಮೇಲಿನ ಮರ ಕಡಿದರೆ ಯಾರೂ ಒಂದು ಕಪ್ಪೆಯನ್ನೂ ಮುಟ್ಟದೆ ಅವುಗಳ ಸಂಸಾರ ಮುಗಿಯುತ್ತದೆ. ಮುಂಬೈ ಉಪನಗರದಲ್ಲಿ ಗೂಳಿಗಪ್ಪೆಯ ಕಥೆಯೂ ಈಗ ಅಷ್ಟೇ. ಗೋಣಿಚೀಲದ ಭಯ ಕಡಿಮೆಯಾಗಿದೆ. ಮಳೆನೀರು ನಿಲ್ಲುತ್ತಿದ್ದ ತಗ್ಗುಗಳು ಅಡಿಪಾಯದಡಿ ಮುಚ್ಚಿಹೋಗಿವೆ, ಹುಲ್ಲುಗಾವಲಿಗೂ ಹೊಂಡಕ್ಕೂ ನಡುವೆ ರಾತ್ರಿಯಿಡೀ ವಾಹನ ಓಡುವ ರಸ್ತೆ ಬಂದಿದೆ. ಇದಕ್ಕೆ ರಫ್ತು ನಿಷೇಧ ಮದ್ದಲ್ಲ.

ಅಬ್ದುಲಾಲಿ 2001ರ ಜೂನ್ 3ರಂದು ಮುಂಬೈನಲ್ಲಿ ತೀರಿಕೊಂಡರು. ಮುಂಗಾರು ನಗರಕ್ಕೆ ಬರಲು ಇನ್ನೂ ಕೆಲವೇ ದಿನ ಬಾಕಿಯಿರುವ ಕಾಲ ಅದು. ತನ್ನ ಹೆಸರಿನ ಕಪ್ಪೆ ಏನನ್ನೂ ಬಿಗಿಹಿಡಿಯದೆ ಸಂಸಾರ ನಡೆಸುತ್ತದೆ ಎಂಬ ಸುದ್ದಿ ಅವರಿಗೆ ತಲುಪಲಿಲ್ಲ. ಅದು ಗೊತ್ತಾಗುವ ಮೊದಲೇ ಅವರು ಕಪ್ಪೆಯನ್ನು ತಕ್ಕಡಿಯಿಂದ ಇಳಿಸಿದ್ದರು.